ಫೋಟೋ ತೆಗೆದವರು ಯಾರು? ಇಡಾ ಕಾರ್ ಪ್ರದರ್ಶನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಾಧನಕೇರಿ ಕಡೆ ಒಂದು ಹಳೆ ಮನೆಯ ಪಡಸಾಲೆಯಲ್ಲಿ ನಾವು ಆರೇಳು ಜನ ಗೆಳೆಯರು ಸೇರಿ ಸಣ್ಣ ಪ್ರದರ್ಶನ ಇಟ್ಟಿದ್ದೇವೆ. ಮೊದಲ ಭಾನುವಾರ ಬಂದವರು ಕೇಳಿದ್ದು, ಫೋನ್ ಮಾಡಿ ಕೇಳಿದ್ದು, ಒಳಗೆ ಬರದೆ ಬಾಗಿಲಲ್ಲೇ ನಿಂತು ಕೇಳಿ ಹೋದದ್ದು, ಎಲ್ಲಾ ಸೇರಿಸಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ಹೇಳೋದು ಅಷ್ಟಿತ್ತು.

ಇದು ಯಾರ ಬಗ್ಗೆ?

ಇಡಾ ಕಾರ್ ಅನ್ನೋ ಫೋಟೋಗ್ರಾಫರ್ ಬಗ್ಗೆ. 1950ರ ದಶಕದಲ್ಲಿ ಲಂಡನ್ನಿನ ಸೋಹೋ ಕಡೆ ಓಡಾಡಿಕೊಂಡಿದ್ದ ಚಿತ್ರಕಾರರು, ಶಿಲ್ಪಿಗಳು, ಬರಹಗಾರರ ಭಾವಚಿತ್ರ ತೆಗೆದ ಹೆಣ್ಣುಮಗಳು. ಆಕೆ ಯಾರ ಫೋಟೋ ತೆಗೆದರೋ ಅವರ ಹೆಸರು ಜಗತ್ತಿಗೆಲ್ಲ ಗೊತ್ತು. ಆಕೆಯ ಹೆಸರು ಮಾತ್ರ ಬಹಳ ವರ್ಷ ಯಾರ ಬಾಯಲ್ಲೂ ಇರಲಿಲ್ಲ. ಒಂದು ಕೋಣೆ ಪೂರ್ತಿ ಆಕೆಯದ್ದು. ಇನ್ನೊಂದು ಕೋಣೆಯಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಿಂದ ಬಂದ ಹಳೆ ಫೋಟೋಗಳಿವೆ. ಹೆಚ್ಚಿನವು ನಾಟಕ ಕಂಪನಿಯವರದ್ದು, ಪೇಟಿ (ಹಾರ್ಮೋನಿಯಂ) ಮಾಸ್ತರರದ್ದು, ಹಾಡುವವರದ್ದು.

ಇಡಾ ಕಾರ್ ಎಲ್ಲಿಯವರು? ಹೆಸರೇ ಕೇಳಿಲ್ಲ.

ಬಹಳ ಜನ ಕೇಳಿಲ್ಲ. ಹುಟ್ಟಿದ್ದು 1908ರಲ್ಲಿ, ರಷ್ಯಾದ ತಂಬೋವ್ ಅನ್ನೋ ಊರಲ್ಲಿ. ಅಪ್ಪ ಅಮ್ಮ ಅರ್ಮೇನಿಯಾ ಮೂಲದವರು, ಮನೆತನದ ಹೆಸರು ಕರಮಿಯಾನ್. ಅದನ್ನೇ ತುಂಡು ಮಾಡಿ ಕಾರ್ ಅಂತ ಇಟ್ಟುಕೊಂಡರು. ಹುಡುಗಿ ಇನ್ನೂ ಚಿಕ್ಕವಳಿದ್ದಾಗಲೇ ಮನೆಯವರು ಈಜಿಪ್ಟ್‌ಗೆ ಬಂದರು. 1928ರಲ್ಲಿ ಓದೋಕೆ ಅಂತ ಪ್ಯಾರಿಸ್‌ಗೆ ಕಳಿಸಿದರು. ಡಾಕ್ಟರ್ ಆಗಲಿ ಅಂತ ಕಳಿಸಿದ ಹುಡುಗಿ ಅಲ್ಲಿ ಹಾಡು ಕಲಿಯೋಕೆ ಹೋದಳು, ಚಿತ್ರಕಾರರ ಜೊತೆ ಬೆರೆತಳು. ಅಲ್ಲೇ ಹೈನ್ರಿಚ್ ಹೈಡರ್ಸ್‌ಬರ್ಗರ್ ಅನ್ನೋ ಜರ್ಮನ್ ಕಲಾವಿದನ ಪರಿಚಯ ಆಯಿತು, ಆತ ಫೋಟೋನೂ ತೆಗೆಯುತ್ತಿದ್ದ.

ವಾಪಸ್ ಈಜಿಪ್ಟ್‌ಗೆ ಬಂದ ಮೇಲೆ ಒಬ್ಬ ಫೋಟೋಗ್ರಾಫರ್ ಹತ್ತಿರ ಸಹಾಯಕಿ ಆಗಿ ಸೇರಿದರು. ಕೆಲಸ ಕಲಿತಿದ್ದು ಅಲ್ಲೇ. ಮೊದಲ ಗಂಡ ಎಡ್ಮಂಡ್ ಬೆಲಾಲಿ ಜೊತೆ ಕೈರೋದಲ್ಲಿ ಸ್ಟುಡಿಯೋ ತೆಗೆದರು. ಇಬ್ಬರ ಹೆಸರೂ ಕೂಡಿಸಿ 'ಇಡಾಬೆಲ್' ಅಂತ ಬೋರ್ಡು. ನಮ್ಮ ಕಡೆ ಅಂಗಡಿಗೆ ಅಣ್ಣತಮ್ಮಂದಿರ ಹೆಸರು ಜೋಡಿಸಿ ಇಡ್ತಾರಲ್ಲ, ಹಾಗೆ. ಆ ಮದುವೆ ಉಳಿಯಲಿಲ್ಲ. 1944ರಲ್ಲಿ ಇಂಗ್ಲಿಷ್ ಕವಿ ವಿಕ್ಟರ್ ಮಸ್‌ಗ್ರೇವ್ ಅವರನ್ನು ಮದುವೆ ಆಗಿ, ಮರುವರ್ಷ ಲಂಡನ್‌ಗೆ ಬಂದರು. ಯುದ್ಧ ಆಗಷ್ಟೇ ಮುಗಿದಿತ್ತು, ಊರು ಅರ್ಧ ಬಿದ್ದಿತ್ತು. ಹೊಸ ಊರು, ವಯಸ್ಸು 37, ಕೈಯಲ್ಲಿದ್ದದ್ದು ಫೋಟೋದ ವಿದ್ಯೆ ಒಂದೇ. ಅಲ್ಲಿಂದ ಶುರು ಮಾಡಿದರು ಅನ್ನೋದು ನನಗೆ ಬಹಳ ದೊಡ್ಡ ಮಾತು ಅನ್ಸುತ್ತೆ.

ಇಡಾ ಕಾರ್ ಅವರನ್ನು 'ಬೊಹೀಮಿಯನ್' ಅಂತಾರಲ್ಲ, ಹಾಗಂದ್ರೆ ಏನು?

ಬೊಹೀಮಿಯಾ ಅನ್ನೋದು ಯುರೋಪಿನ ಒಂದು ಪ್ರಾಂತ್ಯ, ಈಗ ಚೆಕ್ ದೇಶದಲ್ಲಿದೆ. ಊರೂರು ತಿರುಗುವ ರೋಮಾ ಜನ ಅಲ್ಲಿಂದಲೇ ಬಂದವರು ಅಂತ ತಿಳಿದು ಫ್ರಾನ್ಸಿನವರು ಅವರನ್ನು ಹಾಗೆ ಕರೆದರು. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಅದೇ ಹೆಸರು ಬಡ ಕಲಾವಿದರಿಗೂ ಅಂಟಿತು. ಬಾಡಿಗೆ ಕಟ್ಟೋಕೆ ದುಡ್ಡಿಲ್ಲ, ಬಣ್ಣ ಕೊಳ್ಳೋಕೆ ಮಾತ್ರ ಹೇಗೋ ಹೊಂದಿಸ್ತಾರೆ, ರಾತ್ರಿಯಿಡೀ ಮಾತು, ಮನೆ ಮಠದ ಚಿಂತೆ ಇಲ್ಲ. ಅಂಥವರ ಬದುಕು.

ನಮ್ಮಲ್ಲಿ ಇತ್ತಾ ಅಂತ ಒಬ್ಬ ಹುಡುಗ ಕೇಳಿದ. ಪೂರ್ತಿ ಹಾಗೇ ಅಂತ ಹೇಳಲಾರೆ. ಆದರೆ 1920ರ ದಶಕದಲ್ಲಿ ಇದೇ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ನೌಕರಿ ಇದ್ದರೂ ಇಲ್ಲದಿದ್ದರೂ ಕವಿತೆಗಾಗಿ ಸೇರುತ್ತಿದ್ದವರು. ಸುಭಾಷ್ ರೋಡಿನಲ್ಲಿ ಪುಸ್ತಕ ಪ್ರಕಟಿಸುವ ಮನೋಹರ ಗ್ರಂಥಮಾಲೆಯ ಅಟ್ಟ ಇತ್ತು, ಜಿ.ಬಿ. ಜೋಶಿಯವರ ಅಟ್ಟ, ಈಗಲೂ ಇದೆ. ಇನ್ನು ನಾಟಕ ಕಂಪನಿಯವರಂತೂ ವರ್ಷಪೂರ್ತಿ ಕ್ಯಾಂಪಿನಿಂದ ಕ್ಯಾಂಪಿಗೆ, ಗರುಡ ಸದಾಶಿವರಾಯರ ಗದಗಿನ ಕಂಪನಿಯಿಂದ ಹಿಡಿದು ಏಣಗಿ ಬಾಳಪ್ಪನವರವರೆಗೆ, ಟ್ರಂಕಿನಲ್ಲೇ ಸಂಸಾರ ಇಟ್ಟುಕೊಂಡು ಬದುಕಿದವರು. ಹೆಸರು ಬೇರೆ ಇರಬಹುದು, ಹಂಬಲ ನಮಗೆ ಗೊತ್ತಿರುವಂಥದ್ದೇ.

ಸೋಹೋದಲ್ಲಿ ಆಕೆ ಏನು ಮಾಡಿದರು? ಭಾರತಕ್ಕೆ ಏನಾದರೂ ಸಂಬಂಧ ಇದೆಯಾ?

ಇದೆ, ನಮ್ಮ ಪಕ್ಕದ ಗೋವಾಕ್ಕೇ ಸಂಬಂಧ ಇದೆ.

1953ರಲ್ಲಿ ಮಸ್‌ಗ್ರೇವ್ ಅವರು 'ಗ್ಯಾಲರಿ ಒನ್' ಅಂತ ಒಂದು ಪುಟ್ಟ ಗ್ಯಾಲರಿ ತೆಗೆದರು. ದೊಡ್ಡ ಗ್ಯಾಲರಿಗಳು ಒಳಗೆ ಬಿಟ್ಟುಕೊಳ್ಳದ ಹೊಸಬರಿಗೆ, ಹೊರದೇಶದಿಂದ ಬಂದವರಿಗೆ ಅಲ್ಲಿ ಜಾಗ ಸಿಕ್ಕಿತು. ಕೈಯಲ್ಲಿ ಕಾಸಿಲ್ಲದೆ 1949ರಲ್ಲಿ ಮುಂಬೈಯಿಂದ ಲಂಡನ್‌ಗೆ ಹೋದ ಚಿತ್ರಕಾರ ಎಫ್.ಎನ್. ಸೋಜಾ ಅವರ ಪ್ರದರ್ಶನ 1955ರಲ್ಲಿ ನಡೆದದ್ದು ಅಲ್ಲೇ, ಚಿತ್ರಗಳೆಲ್ಲ ಮಾರಾಟ ಆದವು, ಅವರ ದಿನಗಳು ತಿರುಗಿದವು. ಸೋಜಾ ಗೋವಾದ ಸಾಲಿಗಾಂವ್‌ನಲ್ಲಿ ಹುಟ್ಟಿದವರು, ಮುಂಬೈಯಲ್ಲಿ 1947ರಲ್ಲಿ ಪ್ರೋಗ್ರೆಸಿವ್ ಕಲಾವಿದರ ಗುಂಪು ಕಟ್ಟಿದವರಲ್ಲಿ ಮುಖ್ಯರು. ಹುಸೇನ್, ರಜಾ ಇದ್ದರಲ್ಲ, ಅದೇ ಗುಂಪು. 1957ರಲ್ಲಿ ಈವ್ ಕ್ಲೈನ್ ತಮ್ಮ ಬರೀ ನೀಲಿ ಬಣ್ಣದ ಚಿತ್ರಗಳನ್ನು ತಂದದ್ದು, 1962ರಲ್ಲಿ ಬ್ರಿಜೆಟ್ ರೈಲಿ ತಮ್ಮ ಮೊದಲ ಒಂಟಿ ಪ್ರದರ್ಶನ ಮಾಡಿದ್ದು, ಎಲ್ಲಾ ಅದೇ ಗ್ಯಾಲರಿಯಲ್ಲಿ.

ಇವರೆಲ್ಲ ಬಂದು ಹೋಗುವಾಗ ಕ್ಯಾಮೆರಾ ಹಿಡಿದು ಅಲ್ಲಿದ್ದವರು ಇಡಾ ಕಾರ್. ಸೋಜಾ ಅವರ ಫೋಟೋನೂ ತೆಗೆದಿದ್ದಾರೆ. 1954ರಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ 40 ಕಲಾವಿದರ ಭಾವಚಿತ್ರಗಳನ್ನು ಅದೇ ಗ್ಯಾಲರಿಯಲ್ಲಿ ತೂಗುಹಾಕಿದರು. ಚಿತ್ರಕಾರರು, ಶಿಲ್ಪಿಗಳಲ್ಲಿ ಬ್ರಾಕ್, ಶಾಗಾಲ್, ಹೆನ್ರಿ ಮೂರ್, ಬಾರ್ಬರಾ ಹೆಪ್‌ವರ್ತ್, ಬರಹಗಾರರಲ್ಲಿ ಸಾರ್ತ್ರ್, ಬರ್ಟ್ರಂಡ್ ರಸೆಲ್, ಐರಿಸ್ ಮರ್ಡಾಕ್, ಡೋರಿಸ್ ಲೆಸಿಂಗ್, ಹೀಗೆ ಒಬ್ಬರಾದ ಮೇಲೆ ಒಬ್ಬರು ಆಕೆಯ ಕ್ಯಾಮೆರಾ ಮುಂದೆ. ಆಕೆಯ ಪದ್ಧತಿ ಏನಂದ್ರೆ, ಅವರನ್ನು ಸ್ಟುಡಿಯೋಗೆ ಕರೆಸಿ ಪರದೆ ಮುಂದೆ ಕೂರಿಸೋದು ಕಮ್ಮಿ. ತಾವೇ ಅವರು ಕೆಲಸ ಮಾಡುವ ಜಾಗಕ್ಕೆ ಹೋಗುತ್ತಿದ್ದರು. ಕಿಟಕಿಯಿಂದ ಬರುವ ಬೆಳಕೇ ಬೆಳಕು. ಮುಗಿಯದ ಶಿಲ್ಪ, ಬಣ್ಣದ ಡಬ್ಬಿ, ಕಾಗದದ ರಾಶಿ, ಎಲ್ಲಾ ಇದ್ದ ಹಾಗೇ ಫೋಟೋದೊಳಗೆ.

ಅಷ್ಟೊಂದು ಕೆಲಸ ಮಾಡಿದವರಿಗೆ ಆಗ ಹೆಸರು ಬರಲಿಲ್ವಾ?

ಬಂತು. 1960ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಆಕೆಯ 114 ಫೋಟೋಗಳ ಪ್ರದರ್ಶನ ಆಯಿತು. ಚಿತ್ರಕಾರರಿಗೆ ಮೀಸಲಾಗಿದ್ದ ಗೋಡೆಗಳ ಮೇಲೆ ಒಬ್ಬಳೇ ಫೋಟೋಗ್ರಾಫರ್‌ಳ ದೊಡ್ಡ ದೊಡ್ಡ ಪ್ರಿಂಟ್‌ಗಳು. ಫೋಟೋ ಕಲೆಯೋ ಅಲ್ಲವೋ ಅಂತ ಪತ್ರಿಕೆಗಳಲ್ಲಿ ವಾದ ಶುರುವಾಯಿತು. ಎಷ್ಟು ಮುಂಚಿನ ಮಾತು ಇದು ಅಂತ ತಿಳಿಯಬೇಕಾದರೆ ಎರಡು ಇಸವಿ ನೆನಪಿಡಿ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಹೆಸರಲ್ಲೇ ಭಾವಚಿತ್ರ ಇರುವ ಸಂಸ್ಥೆ, ಬದುಕಿದ್ದ ಫೋಟೋಗ್ರಾಫರ್ ಒಬ್ಬರ ಪ್ರದರ್ಶನ ಮೊದಲ ಸಲ ಮಾಡಿದ್ದು 1968ರಲ್ಲಿ, ಸೆಸಿಲ್ ಬೀಟನ್ ಅವರದ್ದು. ಫೋಟೋಗೇ ಅಂತ ಒಂದು ಸಾರ್ವಜನಿಕ ಗ್ಯಾಲರಿ ಲಂಡನ್‌ನಲ್ಲಿ ತೆರೆದದ್ದು 1971ರಲ್ಲಿ.

ಮತ್ತೆ ಮರೆತದ್ದು ಯಾಕೆ?

ಇದನ್ನು ಎಲ್ಲರೂ ಕೇಳ್ತಾರೆ. ನನಗೆ ತಿಳಿದಷ್ಟು ಹೇಳ್ತೀನಿ.

ಪ್ರದರ್ಶನ ನೋಡೋಕೆ ಜನ ಬಂದರು, ಪ್ರಿಂಟ್ ಕೊಳ್ಳುವವರು ಅಷ್ಟಾಗಿ ಇರಲಿಲ್ಲ. ಆ ಕಾಲದಲ್ಲಿ ಫೋಟೋಗೆ ಗೋಡೆಯ ಮೇಲಿನ ಬೆಲೆ ಇರಲಿಲ್ಲ. ಪತ್ರಿಕೆಗೆ ಕೊಟ್ಟರೆ ಬಂದಷ್ಟು ಬಂತು. ಕಲಾವಿದನ ಚಿತ್ರ ವರ್ಷ ಕಳೆದಂತೆ ಬೆಲೆ ಏರುತ್ತಾ ಹೋಗುತ್ತದೆ, ಅವನ ಫೋಟೋ ತೆಗೆದವರಿಗೆ ಸಿಗೋದು ಒಂದು ಸಲದ ಕೂಲಿ. 1960ರ ದಶಕ ಕಳೆಯುತ್ತಿದ್ದ ಹಾಗೆ ಗ್ಯಾಲರಿ ಒನ್ ಮುಚ್ಚಿತು, ಸಂಸಾರ ಮುರಿಯಿತು, ಕೆಲಸ ಕಮ್ಮಿ ಆಯಿತು. ನಡುವೆ 1964ರಲ್ಲಿ ಕ್ಯೂಬಾಕ್ಕೂ ಹೋಗಿ ಫೋಟೋ ತೆಗೆದು ಬಂದರು, ಕೈ ನಿಂತಿರಲಿಲ್ಲ. ಆದರೂ 1974ರ ಡಿಸೆಂಬರ್ 24ರಂದು ತೀರಿಕೊಂಡಾಗ ಆಕೆ ಇದ್ದದ್ದು ಲಂಡನ್ನಿನ ಬೇಸ್‌ವಾಟರ್‌ನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ.

ನೆಗೆಟಿವ್‌ಗಳು ಉಳಿದವು, ಪುಣ್ಯ. 1999ರಲ್ಲಿ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಆಕೆಯ ಸುಮಾರು 800 ಹಳೆ ಪ್ರಿಂಟ್, 10,000 ನೆಗೆಟಿವ್ ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು. 2011ರಲ್ಲಿ ಆಕೆಯದ್ದೇ ಪ್ರದರ್ಶನ ಮಾಡಿತು, 'ಬೊಹೀಮಿಯನ್ ಫೋಟೋಗ್ರಾಫರ್' ಅನ್ನೋ ಹೆಸರಲ್ಲಿ. ವೈಟ್‌ಚಾಪೆಲ್‌ನಿಂದ ಲೆಕ್ಕ ಹಾಕಿದರೆ 51 ವರ್ಷ. ಆ ಅಂಕಿ ನೋಡಿದಾಗ ನನಗೆ ಗಂಟಲು ಕಟ್ಟಿತ್ತು.

ಲಂಡನ್ನಿನವರ ಕಥೆಗೆ ಧಾರವಾಡದಲ್ಲಿ ಯಾಕೆ ಪ್ರದರ್ಶನ?

ನಮ್ಮ ಕಾಕಾ ಕಾರಣ.

ಕಾಕಾ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಮೂವತ್ತು ವರ್ಷ ರೀಟಚಿಂಗ್, ಅಂದ್ರೆ ನೆಗೆಟಿವ್ ಮೇಲೆ ಪೆನ್ಸಿಲ್‌ನಿಂದ ತಿದ್ದುವ ಕೆಲಸ, ಮಾಡಿದರು. ಸಣ್ಣವಳಿದ್ದಾಗ ಯಾವುದಾದರೂ ಫೋಟೋ ತೋರಿಸಿ ಇವರ್ಯಾರು ಕಾಕಾ ಅಂತ ಕೇಳಿದರೆ, "ಏ ತಂಗಿ, ಬರೇ ಮಾರಿ ನೋಡಬ್ಯಾಡ, ಬೆಳಕು ಎಲ್ಲಿಂದ ಬಂದೈತಿ ನೋಡು" ಅನ್ನೋರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಕಟ್ಟು ಫೋಟೋ ಸಿಕ್ಕಿತು, ಎಲ್ಲಾ ಕಲಾವಿದರದ್ದೇ. ಒಂದರ ಮೇಲೂ ಕಾಕಾನ ಹೆಸರಿಲ್ಲ. ಫೋಟೋ ತೆಗೆದವರ ಹೆಸರೂ ಇಲ್ಲ. ಅಚ್ಚಿಗೆ ಬೇಕಾದ ಬ್ಲಾಕ್ ಮಾಡಿಸಿ ಪತ್ರಿಕೆಗೆ, ಹ್ಯಾಂಡ್‌ಬಿಲ್‌ಗೆ ಹಾಕಿದಾಗಲೂ ಹೆಸರು ಹಾಕಿರಲಿಲ್ಲ. ಆ ವರ್ಷವೇ ನಾನು ಇಡಾ ಕಾರ್ ಬಗ್ಗೆ ಓದಿದೆ. ಎರಡೂ ಒಂದೇ ನೋವು ಅನ್ನಿಸಿತು.

ನೋಡಿ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ ಅವರ 'ಗಂಗಾಲಹರಿ' ಇದೆ, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ 'ಮೃತ್ಯುಂಜಯ' ಇದೆ, ಇಲ್ಲೇ ಕೆರೆ ದಂಡೆಗೆ ಬೇಂದ್ರೆ ಭವನ ಇದೆ. ಅಲ್ಲೆಲ್ಲ ಹೋಗಿ ಫೋಟೋ ಮುಂದೆ ಕೈ ಮುಗಿದು ಬರ್ತೀವಿ. ಮುಗಿಯಲೇಬೇಕು. ಆದರೆ ಮನ್ಸೂರರ ಮುಖ, ಗಂಗೂಬಾಯಿಯವರ ಮೂಗುತಿ, ಬೇಂದ್ರೆಯವರ ಕಣ್ಣು ನಮಗೆ ಇಷ್ಟು ಚೆನ್ನಾಗಿ ಗೊತ್ತಿರೋದು ಯಾರೋ ಒಬ್ಬರು ಎದುರಿಗೆ ನಿಂತು ಉಸಿರು ಹಿಡಿದು ಶಟರ್ ಒತ್ತಿದ್ದಕ್ಕೆ ಅಲ್ವಾ? ಅವರು ಯಾರು ಅಂತ ಒಂದು ಸಲವಾದರೂ ಕೇಳೋಣ ಅಂತ ಈ ಪ್ರದರ್ಶನ.

ಇಡಾ ಕಾರ್ ಅವರ ಮೂಲ ಫೋಟೋಗಳು ಇವೆಯಾ?

ಇಲ್ಲ. ಅವು ಲಂಡನ್ನಿನಲ್ಲಿವೆ, ಹಕ್ಕೂ ಅಲ್ಲಿನ ಗ್ಯಾಲರಿಯದ್ದು. ಇಂಟರ್‌ನೆಟ್‌ನಿಂದ ಇಳಿಸಿ, ದೊಡ್ಡದು ಮಾಡಿಸಿ, ಫ್ರೇಮ್ ಹಾಕಿ ತೂಗುಹಾಕೋದು ಸುಲಭ ಇತ್ತು. ಕೇಳದೆ ಹಾಗೆ ಮಾಡೋಕೆ ಮನಸ್ಸು ಒಪ್ಪಲಿಲ್ಲ. ಗೋಡೆಯ ಮೇಲೆ ಹನ್ನೆರಡು ಖಾಲಿ ಫ್ರೇಮ್ ಇವೆ. ಒಳಗೆ ಫೋಟೋ ಬದಲು ಕನ್ನಡದಲ್ಲಿ ಬರಹ: ಆಕೆ ಯಾರ ಮುಂದೆ ನಿಂತರು, ಅವರು ಯಾರು, ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ. ಕೆಳಗೆ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟು ಆ ಗ್ಯಾಲರಿಯ ವೆಬ್‌ಸೈಟ್ ತೆರೆದಿದ್ದೇವೆ. ಓದಿ, ಆಮೇಲೆ ಫೋಟೋ ಹುಡುಕಿ ನೋಡಿ. ಮೊದಲ ವಾರ ಬಂದ ಒಬ್ಬ ಅಜ್ಜಾರು ಎರಡು ತಾಸು ಕೂತು ಒಂದೊಂದಾಗಿ ನೋಡಿದರು.

ಎರಡನೇ ಕೋಣೆಯಲ್ಲಿ ಯಾರ ಯಾರ ಫೋಟೋ ಇವೆ?

ದೊಡ್ಡ ಹೆಸರಿನವರನ್ನು ಹುಡುಕಿ ಬಂದರೆ ನಿರಾಸೆ ಆಗಬಹುದು. ಮನೆಯವರು ಒಪ್ಪಿ ಕೊಟ್ಟ ಫೋಟೋಗಳು ಮಾತ್ರ ಇವೆ, ಮನೆಯವರ ಹೆಸರು ಹಾಕಿಲ್ಲ.

ಒಂದರ ಬಗ್ಗೆ ಹೇಳ್ತೀನಿ. ಹೆಣ್ಣು ವೇಷದ ನಟ. ಒಂಬತ್ತು ಗಜದ ಸೀರೆ, ಕೈತುಂಬ ಬಳೆ, ಒಂದು ಕೈ ಸ್ಟೂಲಿನ ಮೇಲೆ. ಹಿಂದೆ ಬಣ್ಣದ ಪರದೆ, ಪರದೆಯಲ್ಲಿ ಕಮಾನು, ಕೊಳ, ಎರಡು ಹಂಸ. ಮುಖ ನೋಡಿದರೆ ಹೆಣ್ಣುಮಗಳೇ. ಸ್ಟೂಲಿನ ಮೇಲಿನ ಕೈ ನೋಡಿದರೆ ಮಾತ್ರ ನರ ಎದ್ದು ಕಾಣುತ್ತವೆ, ಹೊಲದಲ್ಲಿ ದುಡಿದ ಕೈ ಅದು. ಪರದೆ ಮುಗಿದು ನೆಲ ಶುರುವಾಗುವ ಕಡೆ, ಎಡಗಡೆ ಮೂಲೆಯಲ್ಲಿ, ಒಂದು ಜೊತೆ ಚಪ್ಪಲಿ ಇವೆ. ನಟನ ಕಾಲಲ್ಲಿ ಜೋಡು ಇವೆ. ಹಾಗಾದರೆ ಆ ಚಪ್ಪಲಿ ಯಾರವು? ಫೋಟೋಗ್ರಾಫರ್ ಅಲ್ಲೇ ಬಿಟ್ಟು ಕ್ಯಾಮೆರಾ ಹತ್ತಿರ ಹೋಗಿರಬೇಕು. ಪ್ರಿಂಟ್ ಮಾಡುವಾಗ ಆ ಮೂಲೆ ಕತ್ತರಿಸೋದೂ ಮರೆತಿದೆ. ಹಿಂದೆ ತಿರುಗಿಸಿದರೆ ರಬ್ಬರ್ ಸ್ಟ್ಯಾಂಪಿನ ಗುರುತು: '...ಸ್ಟುಡಿಯೋ, ಗದಗ'. ಅದಕ್ಕೂ ಮೊದಲಿನ ಅಕ್ಷರಗಳು ಆಲ್ಬಮಿನ ಅಂಟಿಗೆ ಕಿತ್ತು ಹೋಗಿವೆ. ಆ ಮನುಷ್ಯನ ಬಗ್ಗೆ ನಮ್ಮ ಹತ್ತಿರ ಇರೋದು ಒಂದು ಊರು, ಒಂದು ಜೊತೆ ಚಪ್ಪಲಿ.

ಆ ಫೋಟೋವನ್ನು ಎರಡೂ ಬದಿ ಕಾಣುವ ಹಾಗೆ ಗಾಜುಗಳ ನಡುವೆ ಇಟ್ಟಿದ್ದೇವೆ. ಅಂಥವು ಇನ್ನೂ ಒಂಬತ್ತು ಇವೆ. ದಯವಿಟ್ಟು ಹಿಂದೆ ಹೋಗಿ ನೋಡಿ.

ಆ ಓರೆ ಮೇಜು ಏನು? ಮಕ್ಕಳೆಲ್ಲ ಅದರ ಸುತ್ತಲೇ ಇರ್ತಾರೆ.

ಅದು ಕಾಕಾನ ರೀಟಚಿಂಗ್ ಮೇಜು. ನಡುವೆ ಹಾಲುಗಾಜು, ಕೆಳಗೆ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಮೂಲಕ ಮೇಲೆ ಬರುತ್ತದೆ. ಅದರ ಮೇಲೆ ನೆಗೆಟಿವ್ ಇಟ್ಟು, ತಲೆ ಮೇಲೆ ಕರಿ ಬಟ್ಟೆ ಹೊದ್ದು, ಭೂತಗನ್ನಡಿ ಹಿಡಿದು ಕೂರಬೇಕು.

ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ. ಪ್ರಿಂಟ್‌ನಲ್ಲಿ ಕಪ್ಪಗೆ ಕಾಣುವ ಸುಕ್ಕು, ನೆಗೆಟಿವ್‌ನಲ್ಲಿ ತಿಳಿ ಗೆರೆ. ಆ ತಿಳಿ ಗೆರೆಯ ಮೇಲೆ ಪೆನ್ಸಿಲ್ ಆಡಿಸಿದರೆ ಅಲ್ಲಿ ಬೆಳಕು ಕಮ್ಮಿ ದಾಟುತ್ತದೆ, ಪ್ರಿಂಟ್‌ನಲ್ಲಿ ಸುಕ್ಕು ತಿಳಿಯಾಗುತ್ತದೆ. ನುಣುಪಾದ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿಯೋದಿಲ್ಲ, ಅದಕ್ಕೆ ಮೊದಲು ಒಂದು ತೆಳು ವಾರ್ನಿಷ್ ಸವರಬೇಕು. ಪೆನ್ಸಿಲ್ ಮೊನೆಯನ್ನು ಉಸುಕಿನ ಕಾಗದಕ್ಕೆ ತಿಕ್ಕಿ ತಿಕ್ಕಿ ಸೂಜಿ ಮಾಡಬೇಕು, ಒಂದಿಂಚು ಉದ್ದ. ಗೆರೆ ಎಳೆಯೋ ಹಾಗಿಲ್ಲ. ಚುಕ್ಕಿ, ಚುಕ್ಕಿ, ಸಣ್ಣ ಅಲ್ಪವಿರಾಮದ ಹಾಗೆ. ಕೈ ಭಾರ ಆದರೆ ಕೆನ್ನೆ ಮೇಣದ ಬೊಂಬೆಯದ್ದಾಗುತ್ತದೆ. ಕಾಕಾ ವಯಸ್ಸಾದ ಹಾಡುಗಾರರ ಫೋಟೋ ಬಂದರೆ ಹಣೆಯ ಗೆರೆ ಮುಟ್ಟುತ್ತಿರಲಿಲ್ಲವಂತೆ. "ಅವು ಅವರ ತಾನ ಅದಾವ" ಅನ್ನೋರು ಅಂತ ಕಾಕು ಹೇಳ್ತಾರೆ.

ಇಡಾ ಕಾರ್ ಅವರಿಗೂ ಡಾರ್ಕ್‌ರೂಂನಲ್ಲಿ ಸಹಾಯಕರಿದ್ದರು. ಯಾವ ಒಳ್ಳೆ ಪ್ರಿಂಟಿನ ಹಿಂದೆಯೂ ಒಂದಕ್ಕಿಂತ ಜಾಸ್ತಿ ಕೈ ಇರುತ್ತವೆ. ಮೇಜಿನ ಮೇಲೆ ಅಭ್ಯಾಸಕ್ಕೆ ಹಾಳಾದ ನೆಗೆಟಿವ್ ಇಟ್ಟಿದ್ದೇವೆ, ಪೆನ್ಸಿಲ್ ಹಿಡಿದು ನೀವೂ ನೋಡಬಹುದು.

ಎರಡು ಲೆನ್ಸಿನ ಕ್ಯಾಮೆರಾ ಮುಟ್ಟಬಹುದಾ?

ಮುಟ್ಟಿ, ಕೊರಳಿಗೆ ಹಾಕಿಕೊಳ್ಳಿ. ಮೇಲಿನ ಲೆನ್ಸು ನೋಡೋಕೆ, ಕೆಳಗಿನದು ಫೋಟೋ ತೆಗೆಯೋಕೆ. ಮೇಲಿನ ಮುಚ್ಚಳ ತೆಗೆದು ತಲೆ ಬಗ್ಗಿಸಿ ನೋಡಿದರೆ ಗಾಜಿನ ಮೇಲೆ ಎದುರಿಗಿದ್ದವರು ಕಾಣ್ತಾರೆ, ಎಡಬಲ ಅದಲುಬದಲು. 120 ಅನ್ನೋ ನಮೂನೆಯ ಒಂದು ಫಿಲ್ಮ್ ರೋಲಿನಲ್ಲಿ 12 ಫೋಟೋ ಬರುತ್ತವೆ, ಒಂದೊಂದೂ ಎರಡೂಕಾಲು ಇಂಚಿನ ಚೌಕ. ಇಡಾ ಕಾರ್ ಅವರ ನೆಗೆಟಿವ್‌ಗಳೂ ಇದೇ ಅಳತೆಯವು. ಸುಮ್ನೆ ಒಮ್ಮೆ ನಿಮ್ಮ ಜೊತೆ ಬಂದವರ ಎದುರು ನಿಂತು ನೋಡಿ. ನೀವು ತಲೆ ಬಗ್ಗಿಸಿರ್ತೀರಿ, ಕ್ಯಾಮೆರಾ ಹೊಟ್ಟೆ ಹತ್ತಿರ ಇರುತ್ತದೆ. ಎದುರಿಗಿದ್ದವರಿಗೆ ಯಾರೋ ಕಣ್ಣಿಗೆ ಕಣ್ಣಿಟ್ಟು ಗುರಿ ಹಿಡಿದ ಹಾಗೆ ಅನ್ಸೋದಿಲ್ಲ. ಮೊಬೈಲ್ ಎತ್ತಿದರೆ ಮುಖ ಬಿಗಿ ಮಾಡುವವರೂ ಇದರ ಮುಂದೆ ಸಡಿಲ ಆಗ್ತಾರೆ.

ನಮ್ಮ ಮನೆಯ ಹಳೆ ಫೋಟೋ ತರಬಹುದಾ? ವಾಪಸ್ ಕೊಡ್ತೀರಾ?

ತನ್ನಿ. ನಿಮ್ಮ ಎದುರಿಗೇ ಹಿಂದೆ ಮುಂದೆ ಎರಡೂ ಬದಿ ಸ್ಕ್ಯಾನ್ ಮಾಡಿ ಆಗಲೇ ಕೈಗೆ ಕೊಡ್ತೀವಿ, ಇಟ್ಟುಕೊಳ್ಳೋದಿಲ್ಲ. ಫ್ರೇಮಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಫ್ರೇಮ್ ಸಮೇತ ತನ್ನಿ. ಜೊತೆಗೆ ಮನೆಯ ಹಿರಿಯರನ್ನೂ ಕರ್ಕೊಂಡು ಬನ್ನಿ. ಫೋಟೋದಲ್ಲಿ ಇರುವವರು ಯಾರು ಅಂತ ಅವರು ಹೇಳ್ತಾರೆ. ಆಮೇಲೆ ಯಾವ ಊರಲ್ಲಿ, ಯಾವ ಓಣಿಯಲ್ಲಿ, ಯಾರ ಹತ್ತಿರ ತೆಗೆಸಿದ್ದು ಅಂತ ಕೇಳಿ. ಈ ಎರಡನೇ ಪ್ರಶ್ನೆ ಯಾರೂ ಕೇಳಿರೋದಿಲ್ಲ. ಕೇಳಿದ ಕೂಡಲೇ ಹತ್ತು ಮಾತು ಬರುತ್ತವೆ, ಮಾಡಿನಲ್ಲಿ ಗಾಜಿನ ಬೆಳಕಿಂಡಿ ಇತ್ತು, ಕೋಟು ಅವರೇ ಕೊಡ್ತಿದ್ದರು, ಅಲ್ಲಾಡಬ್ಯಾಡ ಅಂತ ಬೈದಿದ್ದರು ಅಂತ.

ಮನೆಯಲ್ಲಿ ಹೇಗೆ ಕಾಪಾಡೋದು?

ಲ್ಯಾಮಿನೇಷನ್ ಮಾಡಿಸಬೇಡಿ. ಕೈ ಮುಗಿದು ಕೇಳ್ತೀನಿ. ಒಮ್ಮೆ ಮಾಡಿಸಿದರೆ ಬಿಡಿಸೋಕೆ ಆಗೋದಿಲ್ಲ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲದ ಥಂಡಿ. ಗೋಡೆಗೆ ತಾಗಿದ ಫ್ರೇಮ್, ಅಟ್ಟದ ಮೇಲಿನ ಟ್ರಂಕು, ಎರಡರಲ್ಲೂ ಬೂಷ್ಟು ಹಿಡಿಯುತ್ತದೆ. ಒಳಗೋಡೆಯ ಕಪಾಟು ಒಳ್ಳೆಯದು. ಅಂಟು ಹಾಳೆಯ ಆಲ್ಬಮ್ ಬೇಡ, ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಇಡ್ತಾರಲ್ಲ, ಆ ಥರದ್ದು. ಹಳೆ ಕಪ್ಪು-ಬಿಳುಪು ಫೋಟೋದ ಕಪ್ಪು ಭಾಗದಲ್ಲಿ ಕನ್ನಡಿಯ ಹಾಗೆ ನೀಲಿ ಬೆಳ್ಳಿ ಹೊಳಪು ಕಂಡರೆ ಅದು ಕೊಳೆ ಅಲ್ಲ, ಕಾಗದದೊಳಗಿನ ಬೆಳ್ಳಿಯೇ ಮೇಲೆ ಬಂದಿರೋದು. ಒರೆಸಬೇಡಿ. ಹಳದಿಯಾಗಿ ಮಾಸಿದ್ದರೆ ಆಗ ಹೈಪೋ (ಚಿತ್ರ ಮಾಸದ ಹಾಗೆ ನಿಲ್ಲಿಸುವ ರಾಸಾಯನಿಕ) ಸರಿಯಾಗಿ ತೊಳೆದಿರಲಿಲ್ಲ ಅಂತ ಅರ್ಥ ಇರಬಹುದು, ಬೇಗ ಸ್ಕ್ಯಾನ್ ಮಾಡಿಸಿಡಿ, 600 ಡಿಪಿಐ ಸಾಕು. ಹಿಂದೆ ಬರೆಯೋಕೆ ಮೆತ್ತನೆಯ ಪೆನ್ಸಿಲ್, ಅಂಚಿನಲ್ಲಿ, ಭಾರ ಹಾಕದೆ. ಬಾಲ್‌ಪೆನ್ ಮುಂದಿನ ಬದಿಗೆ ಮೂಡುತ್ತದೆ.

ಎಐನಲ್ಲಿ ಬಣ್ಣ ಹಾಕಿಸಿ, ಹರಿದದ್ದು ಸರಿ ಮಾಡಿಸಿದರೆ ತಪ್ಪೇನು?

ಮನೆ ಗೋಡೆಗೆ ಬೇಕಾದರೆ ಮಾಡಿಸಿ. ಆದರೆ ಮೂಲದ ಸ್ಕ್ಯಾನ್ ಬೇರೆ ಇಡಿ, ಎರಡನ್ನೂ ಕಲಸಬೇಡಿ. ಹರಿದು ಹೋದ ಕಣ್ಣನ್ನು ಎಐ ಹುಡುಕಿ ತರೋದಿಲ್ಲ, ಬೇರೆ ಒಂದು ಕಣ್ಣು ಬರೆದು ಕೂರಿಸುತ್ತದೆ. ಒಬ್ಬರು ತಮ್ಮ ಅಜ್ಜಿಯ ಫೋಟೋ ಹಾಗೆ ಮಾಡಿಸಿ ತಂದಿದ್ದರು, ಚೆಂದ ಇತ್ತು. ಅವರ ಅವ್ವ ನೋಡಿ, ಇವರು ನಮ್ಮ ಅವ್ವ ಅಲ್ಲ ಅಂದುಬಿಟ್ಟರು. ಹಿಂದಿನ ಕಾಲದವರೂ ಕೈಯಿಂದ ಬಣ್ಣ ಹಾಕುತ್ತಿದ್ದರು, ನಿಜ. ಅವರು ಆ ಮನುಷ್ಯನನ್ನೋ ಅವರ ಸೀರೆಯನ್ನೋ ಕಂಡವರನ್ನು ಕೇಳಿ ಹಾಕುತ್ತಿದ್ದರು.

ಫೋಟೋದ ಹಕ್ಕು ತೆಗೆದವರದ್ದೋ, ತೆಗೆಸಿದವರದ್ದೋ?

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಕಾನೂನು ಹಾಗಿದೆ. ಹಕ್ಕು ನಿಮ್ಮದಾದರೂ ತೆಗೆದವರ ಹೆಸರು ಹಾಕೋಕೆ ಯಾವ ಕಾನೂನೂ ಅಡ್ಡ ಬರೋದಿಲ್ಲ. ಫೇಸ್‌ಬುಕ್‌ನಲ್ಲಿ ಹಾಕುವಾಗ ಒಂದು ಸಾಲು ಸಾಕು.

ಟಿಕೆಟ್ ಎಷ್ಟು? ಎಷ್ಟು ಗಂಟೆಗೆ? ಬರೋದು ಹೇಗೆ?

ಟಿಕೆಟ್ ಇಲ್ಲ. ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6, ಇನ್ನೂ ಮೂರು ಭಾನುವಾರ ಇರುತ್ತದೆ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿಗೆ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಗದಗ, ಹಾವೇರಿ ಕಡೆಯಿಂದ ಬರುವವರಿಗೆ ಮಧ್ಯಾಹ್ನ ರೊಟ್ಟಿ ಊಟ ಇದೆ, ಹಿಂದಿನ ದಿನ ಹೇಳಿದರೆ ಸಾಕು.

ಚಿಕ್ಕ ಮಕ್ಕಳನ್ನು ಕರ್ಕೊಂಡು ಬರಬಹುದಾ?

ಧಾರಾಳವಾಗಿ. ಅಡುಗೆಮನೆ ಪಕ್ಕದ ಬಚ್ಚಲಕೋಣೆಗೆ ಕೆಂಪು ಬಲ್ಬ್ ಹಾಕಿ ಡಾರ್ಕ್‌ರೂಂ ಮಾಡಿದ್ದೇವೆ. ಟ್ರೇಯೊಳಗಿನ ಬಿಳಿ ಕಾಗದದಲ್ಲಿ ಮೊದಲು ಕೂದಲು, ಹುಬ್ಬು, ಆಮೇಲೆ ಮುಖ ಮೂಡೋದನ್ನು ನೋಡಿ ಮಕ್ಕಳು ಕೂಗ್ತಾರೆ, ದೊಡ್ಡವರು ಸುಮ್ಮನಾಗ್ತಾರೆ. ಒಳಗೆ ಒಂದು ಸಲಕ್ಕೆ ನಾಲ್ಕೇ ಜನ. ಟ್ರೇಗೆ ಕೈ ಹಾಕಬಾರದು, ಅಷ್ಟೇ.

ಮೊಬೈಲಿನಲ್ಲಿ ಫೋಟೋ ತೆಗೆಯಬಹುದಾ?

ಮೊದಲ ಕೋಣೆ, ಮೇಜು, ಕ್ಯಾಮೆರಾ ತೆಗೆಯಿರಿ. ಎರಡನೇ ಕೋಣೆಯಲ್ಲಿ ಬೇಡ, ಅವು ಮನೆಯವರು ನಂಬಿ ಕೊಟ್ಟದ್ದು. ಫ್ಲ್ಯಾಶ್ ಎಲ್ಲೂ ಬೇಡ.

ನಮ್ಮ ಫೋಟೋದ ಹಿಂದೆ ಏನೂ ಬರೆದಿಲ್ಲ, ಸ್ಟ್ಯಾಂಪೂ ಇಲ್ಲ. ತಂದು ಏನು ಪ್ರಯೋಜನ?

ತನ್ನಿ. ಬಣ್ಣದ ಪರದೆಗಳು ಸ್ಟುಡಿಯೋದಿಂದ ಸ್ಟುಡಿಯೋಗೆ ಬೇರೆ. ಕಳೆದ ವಾರ ಹಾವೇರಿಯಿಂದ ಬಂದ ಒಂದು ಮದುವೆ ಫೋಟೋದಲ್ಲಿ ಅದೇ ಕಮಾನು, ಅದೇ ಕೊಳ, ಅದೇ ಎರಡು ಹಂಸ ಇದ್ದವು. ಬಲಗಡೆ ಹಂಸದ ಕೊರಳ ಹತ್ತಿರ ಪರದೆ ಹರಿದು ಹೊಲಿದ ಗುರುತು, ಅದೂ ಎರಡರಲ್ಲೂ ಇದೆ. ಆ ಮನೆಯ ಅಜ್ಜಿಗೆ ಈಗ 88. ಮದುವೆ ಆದ ವರ್ಷ ಗೊತ್ತು, ಗದಗಿಗೆ ಹೋಗಿ ತೆಗೆಸಿದ್ದೂ ನೆನಪಿದೆ, ಫೋಟೋ ತೆಗೆದವರು ಕುಂಟುತ್ತಿದ್ದರು ಅನ್ನೋದೂ ನೆನಪಿದೆ. ಹೆಸರು ಬಾಯಿಗೆ ಬರಲಿಲ್ಲ. ಅವರ ತಂಗಿ ಗದಗಿನಲ್ಲೇ ಇದ್ದಾರಂತೆ, ಬರುವ ಭಾನುವಾರ ಕರ್ಕೊಂಡು ಬರ್ತೀವಿ ಅಂದಿದ್ದಾರೆ.